35 ಶಬ್ದಗಳಿಗಾಗಿ ಮಾಧ್ಯಮ ಬದಲಿಸಬೇಕೆ?

ಪಾಲಕ ಬಂಧುಗಳೆ,

ಕಂಪ್ಯೂಟರ್ ಕಲಿಯಬೇಕಾದರೆ ಇಂಗ್ಲಿಷ್ ಮಾಧ್ಯಮವೇ ಬೇಕೆಂಬ ಮಾತನ್ನು ನಂಬಿ ನಿಮ್ಮಲ್ಲಿ ಹಲವರು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುತ್ತಿದ್ದೀರಿ. ಒಂದು ಲೆಕ್ಕ ಕೇಳಿರಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಾಯ್ದಿರಿಸಿದ ಇಂಗ್ಲಿಷ್ ಶಬ್ದಗಳು 35. ಪ್ರಿಂಟ್‌ನಂಥ ಇನ್ನು ಕೆಲವು ಆಜ್ಞೆಗಳನ್ನೂ ಸೇರಿಸಿಕೊಳ್ಳಿರಿ. ನಾವು ಇಡುವ ಹೆಸರುಗಳನ್ನಂತೂ 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಕನ್ನಡ ಲಿಪಿಯಲ್ಲೇ ಬರೆಯಬಹುದು. ಇಷ್ಟಕ್ಕಾಗಿ ಮಗುವಿನ ನಾಲಿಗೆ ಬದಲಿಸಬೇಕೆ?

ಮಗು ತಡವರಿಸುವುದು ವಿಚಾರದಲ್ಲಿ. ರಿಕರ್ಷನ್ ಎಂಬುದೊಂದಿದೆ: ಒಂದು ಕೆಲಸ ಮುಗಿಯಲು ಅದು ತನ್ನನ್ನೇ ಮತ್ತೆ ಕರೆಯುವುದು. ಕಾಲೇಜು ಹುಡುಗರೂ ಇಲ್ಲಿ ಮುಗ್ಗರಿಸುತ್ತಾರೆ. ವ್ಯಾಖ್ಯೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದರೆ ಅಂಕ ಬಂದಾವು. ನಾನು ಏಳನೆಯ ಇಯತ್ತೆಯಲ್ಲಿ ವ್ಯಾಖ್ಯೆ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತೇನೆ.

ಗುಡ್ಡಾಪುರದ ದಾನಮ್ಮನ ಗುಡಿಯ ಪಾಳಿಯಲ್ಲಿ ನಿಂತಿದ್ದೀ. ಪಾಳಿ ಬಿಡಬಾರದು. ನೀನು ಎಷ್ಟನೆಯವನು?

"ಮುಂದಿನವನ ಕೇಳತೀನ್ರಿ."

ಅವನಿಗೂ ಗೊತ್ತಿಲ್ಲ.

"ಅವ ತನ್ನ ಮುಂದಿನವನ ಕೇಳಲಿ."

ಎಲ್ಲಿಯ ತನಕ?

"ಬಾಗಿಲದಾಗ ನಿಂತಾವನ ತನಕ. ಅವನ ಮುಂದ ಯಾರೂ ಇಲ್ರಿ. ಅವ ಒಂದು ಅಂತಾನ. ಹಿಂದಿನವ ಅದಕ್ಕ ಒಂದು ಕೂಡಿಸಿ ಎರಡು ಅಂತಾನ. ಹಂಗ ನನ್ನ ತನಕ ಬರತೈತಿ."

ಬಾಗಿಲಲ್ಲಿದ್ದವನು ಬಾಯಿ ಬಿಡದಿದ್ದರೆ?

"ಬರೇ ಕೇಳೂದ ಆಗತೈತ್ರಿ. ಯಾರಿಗೂ ಉತ್ತರ ಸಿಗಂಗಿಲ್ಲ."

ಎಲ್ಲಿ ನಿಲ್ಲಬೇಕೆಂದು ಹೇಳದ ಪ್ರೋಗ್ರಾಮೂ ಹೀಗೆಯೇ ತನ್ನನ್ನು ಕರೆಯುತ್ತಲೇ ಹೋಗಿ, ಕೊನೆಗೆ ದೋಷ ತೋರಿಸಿ ನಿಂತುಬಿಡುತ್ತದೆ. ಇದನ್ನು ಹುಡುಗ ತಾನೇ ಕಂಡುಕೊಂಡ. ಮೊದಲು "ಎಣಿಸಿಬಿಡತೀನ್ರಿ" ಎಂದಿದ್ದ. ಆ ತಪ್ಪು ಉತ್ತರ ಕೇಳಿದ್ದರಿಂದಲೇ ಪಾಳಿ ಬಿಡಬಾರದೆಂಬ ಕಟ್ಟು ಹಾಕಿದೆ. ಪ್ರಶ್ನೆಯ ಪಾಠ ನಡೆಯುವುದು ಹೀಗೆ, ಮಗುವಿನ ಉತ್ತರ ಹಿಡಿದು. ಹೇಳಲು ಭಾಷೆ ಸಾಲದ ಮಗು "ಎಸ್ ಸರ್" ಎಂದು ಕುಳಿತುಬಿಡುತ್ತದೆ. ಗುರುಗಳಿಗೆ ಅದು ಜಾಣತನವಾಗಿ ಕಾಣುತ್ತದೆ!

ಆದ್ದರಿಂದಲೇ 2024ರಲ್ಲಿ ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಅನ್ಯಾಯ. ಆ ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ, ಅವರು ನೌಕರಿಗೆ ಬಂದವರು. ಆದರೆ "ಸಿಗಂಗಿಲ್ಲ" ಎಂಬುದೇ ತಿಳಿಯದವರು ಮುಂದಿನ ಪ್ರಶ್ನೆ ಹೇಗೆ ಕೇಳಿಯಾರು? 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಕಲಮು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಕೊಡಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಪೂರ್ವದ 6ರಿಂದ 8ನೆಯ ಇಯತ್ತೆಯಲ್ಲಿ ಕೋಡಿಂಗ್ ಬೇಕೆನ್ನುತ್ತದೆ. ಸಾಧ್ಯವಿದ್ದಲ್ಲಿ 8ರವರೆಗೂ ಮನೆಮಾತಿನಲ್ಲೇ ಕಲಿಸಿರೆಂದೂ ಅದೇ ಹೇಳುತ್ತದೆ. ಮೊದಲನೆಯದನ್ನು ಓದುವವರು ಎರಡನೆಯದನ್ನು ಏಕೆ ಓದುವುದಿಲ್ಲವೋ!

ಇಂಗ್ಲಿಷನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಯಲಿ, ತಕರಾರಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ನೀವೇ, ಪಾಲಕರೇ, ಇರಬೇಕು. ಮುಂದಿನ ಸಭೆಗೆ ಬರ್ರಿ. ಕಂಪ್ಯೂಟರ್ ತಾಸಿಗೆ ಕನ್ನಡ ಬಲ್ಲ ಶಿಕ್ಷಕರು ಬೇಕೆಂದು ಠರಾವು ಬರೆಸಿ, ಸಹಿ ಮಾಡಿ, ಪ್ರತಿಯನ್ನು ತಾಲೂಕಿಗೂ ಜಿಲ್ಲಾ ಪರಿಷತ್ತಿಗೂ ಕಳಿಸಿರಿ. ಪೋಚಪಾವತಿ ಇಸಿದುಕೊಳ್ಳುವುದನ್ನು ಮರೆಯಬೇಡಿರಿ.