ಘಟ್ಟವಿಳಿಯುವ ವ್ಯಾನು

ಹೋದ ತಿಂಗಳ ಸಂಚಿಕೆಯಲ್ಲಿ ಬಾವಿಯ ಪಂಪಿನ ವಿಷಯವಾಗಿ ನಾನು ಬರೆದುದನ್ನು ಓದಿ, ಮಲೆನಾಡಿನ ಗೃಹಸ್ಥರೊಬ್ಬರು, “ನಮ್ಮ ಮನೆಯಲ್ಲಿ ಹಳೆಯ ಓಮ್ನಿ ವ್ಯಾನೊಂದಿದೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ಅಡಿಕೆಯ ಮೂಟೆ ಸಾಗಿಸುವುದಕ್ಕೂ ಅದೇ ಗತಿ. ಅದರ ಪಾಲನೆಯ ವಿಷಯವಾಗಿಯೂ ನಾಲ್ಕು ಮಾತು ಬರೆಯಬಾರದೇಕೆ?” ಎಂದು ಕಾಗದ ಬರೆದಿದ್ದಾರೆ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಶಬ್ದರೂಪಗಳನ್ನೂ ಸಂಧಿಗಳನ್ನೂ ಕಲಿಸಿದವನು ಯಂತ್ರದ ವಿಷಯ ಹೇಳಹೊರಟನೆಂದು ನಗುವವರು ನಗಲಿ. ಈ ಪಾಠವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಆಗುಂಬೆಯ ಘಾಟಿಯಲ್ಲಿ, ಪ್ರಾಣವನ್ನು ಕೈಯಲ್ಲಿ ಹಿಡಿದು ಕಲಿತವನು.

ಈ ವ್ಯಾನು ನಮ್ಮ ದೇಶದಲ್ಲಿ ಮೊದಲು ಹೊರಬಂದುದು 1984ರಲ್ಲಿ. ಓಮ್ನಿಯೆಂಬ ಹೆಸರು ಬಂದುದು 1988ರಲ್ಲಿ. ತಯಾರಿಕೆ ನಿಂತುದು 2019ರಲ್ಲಿ. ಆದುದರಿಂದ ಈಗ ಯಾರ ಮನೆಯಲ್ಲಿದ್ದರೂ ಅದು ಪ್ರಾಯ ಕಳೆದ ವಾಹನವೇ. 796 ಘನ ಸೆಂಟಿಮೀಟರಿನ ಪುಟ್ಟ ಎಂಜಿನು ಮುಂದಿನ ಆಸನಗಳ ಕೆಳಗೇ ಅಡಗಿರುವುದರಿಂದ ಹಿಂದೆ ಸ್ಥಳವು ಧಾರಾಳ. ಆ ಧಾರಾಳತನವೇ ಅದರ ಗುಣವೂ ಹೌದು, ದೋಷವೂ ಹೌದು. ಸ್ಥಳವಿದೆಯೆಂದು ನಾವು ತುಂಬುತ್ತೇವೆ. ತುಂಬಿದ ಭಾರವನ್ನು ನಿಲ್ಲಿಸಬೇಕಾದವು ಆ ಪುಟ್ಟ ಚಕ್ರಗಳೇ ಎಂಬುದನ್ನು ಮರೆಯುತ್ತೇವೆ.

2017ನೆಯ ಇಸವಿಯ ವೈಶಾಖಮಾಸ. ಉಡುಪಿಯಲ್ಲಿ ಬಂಧುಗಳ ಮನೆಯ ಮದುವೆ. ತೀರ್ಥಹಳ್ಳಿಯಿಂದ ನನ್ನ ಸೋದರಳಿಯನ ವ್ಯಾನಿನಲ್ಲಿ ಹೊರಟೆವು: ಅವನು, ನಾನು, ನನ್ನ ಮನೆಯವರು, ತಂಗಿ, ಇಬ್ಬರು ಮಕ್ಕಳು, ಜೊತೆಗೆ ಉಡುಗೊರೆಯ ಹಿತ್ತಾಳೆ ಪಾತ್ರೆಗಳು, ಎರಡು ಹಲಸಿನಹಣ್ಣು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಅಳಿಯನು ಇಳಿಜಾರು ಆರಂಭವಾದೊಡನೆಯೇ ಗೇರನ್ನು ನ್ಯೂಟ್ರಲಿಗೆ ತಂದನು. “ಇದೇಕೆ?” ಎಂದೆ. “ಪೆಟ್ರೋಲು ಉಳಿಯುತ್ತದೆ ಮಾವ, ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ಹೋಗುತ್ತದಲ್ಲ” ಎಂದನು. ಮಿತವ್ಯಯವು ಸದ್ಗುಣವೆಂದು ನಾನೂ ಸುಮ್ಮನಾದೆನು. ಆ ಮೌನಕ್ಕೆ ನಾನೂ ಹೊಣೆಗಾರನೇ.

ಐದನೆಯ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ನನ್ನ ಮನೆಯವರು, “ಏನೋ ಸುಟ್ಟ ವಾಸನೆ” ಎಂದರು. ಮುಂದಿನ ಲಾರಿಯದಿರಬೇಕೆಂದು ನಾವು ಗಂಡಸರಿಬ್ಬರೂ ತೀರ್ಮಾನಿಸಿದೆವು. ಇನ್ನೊಂದು ತಿರುವು ಕಳೆದಮೇಲೆ ಅಳಿಯನ ಮುಖ ಬಿಳಿಚಿತು. “ಮಾವ, ಬ್ರೇಕು ಮೆತ್ತಗಾಗಿ ಕೆಳಕ್ಕೆ ಹೋಗುತ್ತಿದೆ!” ಮುಂದೆ ತಿರುವು, ಎಡಕ್ಕೆ ಕಂದಕ. “ಗೇರಿಗೆ ಹಾಕು” ಎಂದು ಕೂಗಿದೆನೆಂದು ಅವನು ಹೇಳುತ್ತಾನೆ, ನನಗೆ ನೆನಪಿಲ್ಲ. ಅವನು ಪೆಡಲನ್ನು ಮೇಲಿಂದ ಮೇಲೆ ಒತ್ತುತ್ತ ಹೇಗೋ ಎರಡನೆಯ ಗೇರಿಗೆ ತಂದನು. ಎಂಜಿನು ಗರ್ಜಿಸಿತು; ವೇಗ ಕುಗ್ಗಿತು. ಬಳಿಕ ಒಂದನೆಯದು. ಕೈಬ್ರೇಕನ್ನು ಒಮ್ಮೆಗೇ ಜಗ್ಗದೆ ಸ್ವಲ್ಪಸ್ವಲ್ಪವಾಗಿ ಎಳೆದು, ಗುಡ್ಡದ ಕಡೆಯ ಚರಂಡಿಗೆ ಒತ್ತಿ ನಿಲ್ಲಿಸಿದನು. ಚಿಕ್ಕ ಮಗುವು ಹಲಸಿನಹಣ್ಣಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಲೇ ಇತ್ತು.

ಆದುದೇನು? ಎತ್ತರದಲ್ಲಿರುವ ಭಾರವು ಕೆಳಗಿಳಿಯುವಾಗ ತನ್ನ ಶಕ್ತಿಯನ್ನು ಎಲ್ಲಿಯಾದರೂ ಕಳೆದುಕೊಳ್ಳಲೇಬೇಕು. ಜನಸಹಿತವಾಗಿ ಸುಮಾರು 1,300 ಕಿಲೋ ತೂಗುವ ವ್ಯಾನು ಐನೂರು ಮೀಟರು ಇಳಿಯಿತೆಂದು ಇಟ್ಟುಕೊಳ್ಳೋಣ. ಲೆಕ್ಕ ಮಾಡಿದರೆ, ಸುಮಾರು ಇಪ್ಪತ್ತು ಲೀಟರು ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕಾಗುವಷ್ಟು ಶಾಖ ಹುಟ್ಟುತ್ತದೆ. ಬಚ್ಚಲೊಲೆಯ ಹಂಡೆಯನ್ನು ಕುದಿಸುವ ಬೆಂಕಿಯನ್ನು ಅಂಗೈಯಗಲದ ಬ್ರೇಕಿನ ತುಣುಕುಗಳ ಮೇಲೆ ಸುರಿದಂತಾಯಿತು! ಗೇರಿನಲ್ಲಿ ಇಳಿದರೆ ಈ ಹೊರೆಯಲ್ಲಿ ದೊಡ್ಡ ಪಾಲನ್ನು ಎಂಜಿನು ಹೊರುತ್ತದೆ. ನ್ಯೂಟ್ರಲಿನಲ್ಲಿ ಎಲ್ಲವೂ ಬ್ರೇಕಿನ ತಲೆಯ ಮೇಲೆಯೇ. ಹಿಂದಿನ ಚಾಲಕರು ಹೇಳುವ ನಿಯಮ ಇಷ್ಟೆ: ಯಾವ ಗೇರಿನಲ್ಲಿ ಘಟ್ಟ ಹತ್ತುವೆಯೋ ಅದೇ ಗೇರಿನಲ್ಲಿ ಇಳಿ. ಬ್ರೇಕನ್ನು ಉದ್ದಕ್ಕೂ ಮೆಟ್ಟಿಕೊಂಡಿರದೆ, ಬೇಕಾದಲ್ಲಿ ಒಮ್ಮೆ ದೃಢವಾಗಿ ಒತ್ತಿ ಬಿಡಬೇಕು. ಬಿಟ್ಟ ಕ್ಷಣಗಳಲ್ಲಿ ಅದು ತಣಿಯುತ್ತದೆ.

ಇನ್ನು ಪೆಟ್ರೋಲಿನ ಉಳಿತಾಯವು ಶುದ್ಧ ಭ್ರಾಂತಿ. ಇಂಧನವನ್ನು ಚಿಮುಕಿಸುವ ಈಚಿನ ಎಂಜಿನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಪೆಟ್ರೋಲು ಪೂರ್ಣವಾಗಿ ನಿಂತುಹೋಗುತ್ತದೆ. ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲಿಗೆ ತಂದರೆ ಎಂಜಿನು ಆರದಂತೆ ಕಾಯಲು ಪೆಟ್ರೋಲು ಉರಿಯುತ್ತಲೇ ಇರಬೇಕು. ಎಂಜಿನನ್ನೇ ಆರಿಸಿ ಇಳಿಯುವ ಸಾಹಸಿಗಳೂ ಉಂಟು. ಬ್ರೇಕಿಗೆ ಎಂಜಿನಿನ ನೆರವಿರುವ ವಾಹನಗಳಲ್ಲಿ ಎರಡು ಮೂರು ಸಲ ಒತ್ತುವಷ್ಟರಲ್ಲಿ ಆ ನೆರವು ತಪ್ಪಿ ಪೆಡಲು ಕಲ್ಲಿನಂತಾಗುತ್ತದೆ. ಕೀಲಿಯನ್ನು ಪೂರಾ ತಿರುಗಿಸಿಬಿಟ್ಟರೆ ಕೆಲವು ವಾಹನಗಳ ಸ್ಟಿಯರಿಂಗೇ ಬಿಗಿದುಕೊಳ್ಳುವುದುಂಟು.

ಆದರೆ ನಮ್ಮ ಪೆಡಲು ಕೆಳಕ್ಕೆ ಕುಸಿದುದಕ್ಕೆ ಮತ್ತೊಂದು ಕಾರಣವಿತ್ತು. ಅದು ತಿಳಿದುದು ಹೆಬ್ರಿಯಲ್ಲಿ, ಮೇಸ್ತ್ರಿಯು ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದಾಗ. ಒಳಗಿದ್ದುದು ಕಾಫಿಯ ಡಿಕಾಕ್ಷನ್ನಿನ ಬಣ್ಣದ ದ್ರವ. ಕೊಂಡಂದಿನಿಂದ ಬದಲಾಯಿಸಿಯೇ ಇರಲಿಲ್ಲ. ಇಲ್ಲಿ ವೈಯಾಕರಣನೊಬ್ಬನ ಪ್ರಾಸಂಗಿಕ ಮಾತು: ‘ಆಯಿಲ್’ ಎಂಬುದು ಇಲ್ಲಿ ರೂಢನಾಮವೇ ಹೊರತು ಅನ್ವರ್ಥವಲ್ಲ. ಅದು ಎಣ್ಣೆಯೇ ಅಲ್ಲ; ಎಣ್ಣೆಯೆಂದು ಭ್ರಮಿಸಿ ಎಂಜಿನ್ ಆಯಿಲನ್ನು ಅದಕ್ಕೆ ಸುರಿದರೆ ಒಳಗಿನ ರಬ್ಬರೆಲ್ಲ ಉಬ್ಬಿ ಕೆಟ್ಟು ಬ್ರೇಕೇ ಇಲ್ಲದಾಗುತ್ತದೆ. ಈ ದ್ರವದ ಸ್ವಭಾವವೇನೆಂದರೆ, ಮಳೆಗಾಲದ ಉಪ್ಪಿನಂತೆ ಗಾಳಿಯ ತೇವವನ್ನು ಹೀರುವುದು. ‘ಡಾಟ್ 3’ ಎಂಬ ದರ್ಜೆಯ ಹೊಸ ದ್ರವವು 205 ಡಿಗ್ರಿ ಸೆಂಟಿಗ್ರೇಡಿನವರೆಗಾದರೂ ಕುದಿಯಬಾರದೆಂದು ನಿಯಮ, ಶೇಕಡ 3.7ರಷ್ಟು ನೀರು ಸೇರಿದ ದ್ರವಕ್ಕೆ ಆ ನಿಯಮವೇ 140 ಡಿಗ್ರಿಗೆ ಇಳಿಯುತ್ತದೆ. ಕುದಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವು ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆವಿಯನ್ನು ಒತ್ತುವುದರಲ್ಲೇ ಮುಗಿದು ಚಕ್ರಕ್ಕೆ ಮುಟ್ಟುವುದಿಲ್ಲ. ಮಲೆನಾಡಿನಂತಹ ತೇವದ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಇದನ್ನು ಬದಲಾಯಿಸತಕ್ಕದ್ದು. ಯಾವ ದರ್ಜೆಯೆಂಬುದನ್ನು ವಾಹನದ ಕೈಪುಸ್ತಕ ನೋಡಿ ತಿಳಿಯಬೇಕು.

ಘಾಟಿಯಲ್ಲಿ ನಿಂತ ಮೇಲೆ ಅಳಿಯನು ಕುಡಿಯುವ ನೀರನ್ನು ಚಕ್ರಕ್ಕೆ ಸುರಿಯಹೋದನು, ತಡೆದೆನು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳುವ ಸಂಭವವುಂಟು. ಚಕ್ರಗಳಿಗೆ ಕಲ್ಲು ಕೊಟ್ಟು ಮುಕ್ಕಾಲು ಗಂಟೆ ಕಾದೆವು. ಪೆಡಲು ಮತ್ತೆ ಗಟ್ಟಿಯಾದುದನ್ನು ಪರೀಕ್ಷಿಸಿ, ಒಂದನೆಯ ಗೇರಿನಲ್ಲಿ ಎತ್ತಿನಗಾಡಿಯಂತೆ ಇಳಿದೆವು. ಹೊರಡುವಾಗ ಕಲ್ಲುಗಳನ್ನು ಬದಿಗೆ ಹಾಕುವುದನ್ನು ಮರೆಯಲಿಲ್ಲ. ನಿಲ್ಲಿಸಿದವನು ಕಲ್ಲನ್ನು ರಸ್ತೆಯ ನಡುವೆಯೇ ಬಿಟ್ಟುಹೋಗುವುದೂ, ಹಿಂದೆ ಬರುವ ಬೈಕಿನವನು ಅದರಿಂದ ಬೀಳುವುದೂ ನಮ್ಮ ಘಟ್ಟಗಳ ನಿತ್ಯಕಥೆ.

ಮಹಾಭಾರತದ ನಲೋಪಾಖ್ಯಾನವನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೆಯೋ! ಋತುಪರ್ಣನ ಉತ್ತರೀಯವು ಜಾರಿಬಿದ್ದಾಗ ರಥ ನಿಲ್ಲಿಸೆಂದರೆ, ಬಾಹುಕನಾಗಿದ್ದ ನಲನು ಅದು ಆಗಲೇ ಯೋಜನ ದೂರದಲ್ಲಿ ಉಳಿಯಿತೆನ್ನುತ್ತಾನೆ. ಮಕ್ಕಳು ಇದನ್ನು ಉತ್ಪ್ರೇಕ್ಷೆಯೆಂದು ನಗುತ್ತಿದ್ದರು. ಆದರೆ ಗಂಟೆಗೆ 60 ಕಿಲೋಮೀಟರು ವೇಗದ ವ್ಯಾನು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ದಾಟುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವುದರೊಳಗೇ ಅಷ್ಟು ದೂರ ಕಳೆದಿರುತ್ತದೆ. ಬಳಿಕ ನಿಲ್ಲಲು ಬೇಕಾಗುವ ದೂರವೋ, ವೇಗ ಇಮ್ಮಡಿಯಾದರೆ ನಾಲ್ಮಡಿ. ಓಮ್ನಿಯಲ್ಲಿ ನಮ್ಮ ಮೊಣಕಾಲಿನ ಮುಂದೆ ಎಂಜಿನಿನ ಮರೆಯೂ ಇಲ್ಲ, ಬರಿಯ ತಗಡು. ಆದುದರಿಂದ ಮುಂದಿನ ವಾಹನಕ್ಕೆ ಇತರರು ಬಿಡುವುದಕ್ಕಿಂತ ಹೆಚ್ಚು ಅಂತರ ಬಿಡಬೇಕು.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಟೈರಿನ ಗಾಳಿಯನ್ನು ಓಡಿಸುವುದಕ್ಕೆ ಮೊದಲು, ತಣ್ಣಗಿರುವಾಗಲೇ ನೋಡಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದುದೆಂದರ್ಥ. ಗೀರುಗಳು ಸವೆಯದಿದ್ದರೂ ಹಳೆಯ ರಬ್ಬರು ಬಿರಿಯುತ್ತದೆ. ಭಾರವನ್ನು ಮೇಲಿನ ಕ್ಯಾರಿಯರಿಗೆ ಏರಿಸಬಾರದು. ಎತ್ತರದ ಗಾಡಿ ತಿರುವಿನಲ್ಲಿ ಓಲುತ್ತದೆ. ಎಂಜಿನು ಕಾದಾಗ ರೇಡಿಯೇಟರಿನ ಮುಚ್ಚಳ ತಿರುಗಿಸಿದವರು ಮುಖ ಸುಟ್ಟುಕೊಂಡಿದ್ದಾರೆ; ತಣಿಯುವವರೆಗೆ ಕಾಯಿರಿ. ಅಡಿಗೆಯ ಸಿಲಿಂಡರನ್ನು ಹಿಂದಿಟ್ಟು ಗಾಡಿ ಓಡಿಸುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ವಿರುದ್ಧ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನಾದರೆ ಚಾಲಕನನ್ನು ಮಾತ್ರ ವಿಚಾರಿಸಿ ಸಾಲದು. ಬೆಳಗ್ಗೆ ಗೇಟಿನ ಬಳಿ ನಿಂತು ಒಳಗೆ ಎಷ್ಟು ತಲೆಗಳಿವೆಯೆಂದು ತಾಯಿತಂದೆಗಳೇ ಎಣಿಸಬೇಕು.

ಹೆಬ್ರಿಯ ಮೇಸ್ತ್ರಿಯು ಹೊಸ ದ್ರವ ತುಂಬಿ, ಕೊಳವೆಯ ಗಾಳಿ ತೆಗೆದು, ಸವೆದ ತುಣುಕುಗಳನ್ನು ಬದಲಾಯಿಸುವಷ್ಟರಲ್ಲಿ ಮುಹೂರ್ತ ಮೀರಿತ್ತು. ಊಟದ ಎರಡನೆಯ ಪಂಕ್ತಿಗೆ ಹೋಗಿ ಕುಳಿತೆವು. “ಸುಟ್ಟ ವಾಸನೆಯೆಂದು ನಾನು ಹೇಳಲಿಲ್ಲವೇ?” ಎಂದು ನನ್ನ ಮನೆಯವರು ಈಗಲೂ ಕೇಳುವುದುಂಟು. ಬ್ಯಾಟರಿಯ ವಿಷಯವನ್ನು ಕಾಗದ ಬರೆದ ಮಹನೀಯರು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.