ಆಪರೇಷನ್ ಆಯ್ತು, ಮುಂದೇನು?

‘ಹಾರ್ಟ್ ಆಪರೇಷನ್ ಆಗಿರೋ ಮಗು, ಮಾತು ನಿಧಾನವಾಗಿ ಬರುತ್ತೆ ಬಿಡಿ’ ಎಂದು ಅತ್ತೆಯೋ ಪಕ್ಕದ ಮನೆಯವರೋ ಹೇಳಿದರೆ ನಿಮಗೂ ಸಮಾಧಾನವಾಗುತ್ತದೆ, ಅಲ್ವೇ? ನನ್ನ ಪ್ರಕಾರ ಈ ಸಮಾಧಾನವೇ ಅಪಾಯ.

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ತೊಂದರೆ ಇರುತ್ತದೆ. ಕ್ಯಾತ್ಸಂದ್ರದ ತಾಯಿ ಇಂಥ ಮಗುವನ್ನೆತ್ತಿಕೊಂಡು ಬೆಂಗಳೂರಿನ ಜಯದೇವಕ್ಕೋ, 2001ರಿಂದ ಉಚಿತವಾಗಿ ಆಪರೇಷನ್ ಮಾಡುತ್ತಿರುವ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಗೋ ಹೋಗುತ್ತಾಳೆ. ಗಾಯ ಒಣಗಿ, ಎಕೋ ಸರಿಯಾಗಿ ಬಂದರೆ ದೇವರಿಗೆ ಕೈಮುಗಿದು ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಹೃದಯವೇನೋ ಸರಿಹೋಯಿತು, ಮಗುವಿನ ನಡೆ, ನುಡಿ, ಕಲಿಕೆ?

ಕೆಲವು ಮಕ್ಕಳಿಗೆ ಹೊಟ್ಟೆಯಲ್ಲಿದ್ದಾಗಲೇ ಮೆದುಳಿಗೆ ಆಮ್ಲಜನಕ ಕಡಿಮೆ ಸಿಕ್ಕಿರುತ್ತದೆ. ಆಮೇಲೆ ದೊಡ್ಡ ಆಪರೇಷನ್, ಐಸಿಯು ವಾಸ. ಎಲ್ಲರಿಗೂ ತೊಂದರೆಯಾಗುತ್ತದೆ ಎಂದಲ್ಲ. ಸಣ್ಣ ರಂಧ್ರ ತಾನಾಗೇ ಮುಚ್ಚಿಕೊಂಡಿದ್ದರೆ ಗಾಬರಿ ಬೇಡ. ಆದರೆ ಮೈ ನೀಲಿಗಟ್ಟುತ್ತಿದ್ದ, ವರ್ಷ ತುಂಬುವ ಮೊದಲೇ ಓಪನ್ ಹಾರ್ಟ್ ಆಪರೇಷನ್ ಆದ ಮಕ್ಕಳ ಮೇಲೆ ಕಣ್ಣಿಡಲೇಬೇಕು. ಇಂಥವರ ಬೆಳವಣಿಗೆಯನ್ನು 1-2 ವರ್ಷದಲ್ಲಿ, 3-5 ವರ್ಷದಲ್ಲಿ, ಮತ್ತೆ 11-12 ವರ್ಷದಲ್ಲಿ ಪರೀಕ್ಷಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿದೆ. ಹನ್ನೊಂದರವರೆಗೆ ಯಾಕೆ ಅಂತೀರಾ? ಗಮನ ನಿಲ್ಲದಿರುವುದು, ಲೆಕ್ಕ ತಲೆಗೆ ಹತ್ತದಿರುವುದು ಶಾಲೆಗೆ ಹೋದ ಮೇಲೇ ಗೊತ್ತಾಗೋದು. ಆಗ ‘ಸೋಮಾರಿ’ ಎಂದು ಬೈಸಿಕೊಳ್ಳುವುದು ಆ ಪಾಪದ ಮಗು!

ನೀವು ಮಾಡಬೇಕಾದ್ದಿಷ್ಟು. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸದಿದ್ದರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ಹೃದಯದ ದೋಷಕ್ಕೂ ಬೆಳವಣಿಗೆಯ ವಿಳಂಬಕ್ಕೂ ಉಚಿತ ತಪಾಸಣೆ ಇದೆ. ಅಂಗನವಾಡಿಯಲ್ಲಿ ಕೇಳಿ, ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮಾತು, ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ಇದೆ.

ಇನ್ನೊಂದು ಮಾತು. ‘ಓಡಬೇಡ, ಬಿದ್ದೀಯ’ ಎಂದು ಮಗುವನ್ನು ಸದಾ ಸೊಂಟದ ಮೇಲೇ ಕೂರಿಸಿಕೊಂಡರೆ ಕಾಲು ಗಟ್ಟಿಯಾಗುವುದು ಯಾವಾಗ? ಯಾವ ಆಟ ಆಡಬಹುದು ಅಂತ ಡಾಕ್ಟರನ್ನೇ ಕೇಳಿ, ಆಡಲು ಬಿಡಿ.

ಮುಂದಿನ ತಪಾಸಣೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ದಿನಾ ಕಣ್ಣಿಗೆ ಬೀಳುತ್ತೆ, ಮರೆಯೋಲ್ಲ.