ಅಳತೆಯಿಲ್ಲದ ಅಂಕಿ, ನೆಲೆಯಿಲ್ಲದ ಆಕೃತಿ

ತೊಕ್ಕೊಟ್ಟಿನಿಂದ ಮಂಗಳೂರಿಗೆ ಹೋಗುವವರು ನೇತ್ರಾವತಿಯ ಸೇತುವೆಯನ್ನು ದಾಟುತ್ತಾರೆ. ಮಳೆಗಾಲದ ಕೆಂಪು ನೀರು ಅದರ ಕಂಬಗಳನ್ನು ಬಳಸಿ ಸುಳಿಗೊಂಡು ಹರಿಯುವುದನ್ನು ನಮ್ಮ ವಿದ್ಯಾರ್ಥಿಗಳು ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತಾರೆ. ಆ ಸುಳಿಯನ್ನು ಇಂದು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಬಹುದು. ಕಂಬದ ಆಕೃತಿಯನ್ನು ಒಂದು ತಂತ್ರಾಂಶದಲ್ಲಿ ರಚಿಸಿ, ಇನ್ನೊಂದಕ್ಕೆ ತಂದು, ನೀರಿನ ವೇಗವನ್ನು ಕೊಟ್ಟರೆ ಬಣ್ಣಬಣ್ಣದ ಚಿತ್ರವೊಂದು ಮೂಡುತ್ತದೆ. ಹೀಗೆ ತಂದ ಆಕೃತಿಯ ಅಳತೆಯನ್ನೂ ನೆಲೆಯನ್ನೂ ಸರಿಪಡಿಸುವುದು ಬರಿಯ ಗುಮಾಸ್ತೆಯ ಕೆಲಸವೆಂದು ಅನೇಕರು ಭಾವಿಸಿದ್ದಾರೆ. ಅದು ಭೌತಶಾಸ್ತ್ರದ ಮೊದಲ ಪಾಠವೆಂದು ನಾವು ಹೇಳುತ್ತೇವೆ.

ಮೊದಲು ಅಳತೆಯನ್ನು ನೋಡೋಣ. ಆಕೃತಿಗಳನ್ನು ಸಾಗಿಸಲು ಬಹುವಾಗಿ ಬಳಸುವ ಎಸ್‌ಟಿಎಲ್ ಕಡತದಲ್ಲಿ ತ್ರಿಕೋನಗಳ ಮೂಲೆಗಳು ಅಂಕಿಗಳಾಗಿ ಇರುತ್ತವೆ. ಆ ಅಂಕಿಗಳು ಮೀಟರೋ ಮಿಲಿಮೀಟರೋ ಎಂಬುದು ಅಲ್ಲಿ ನಿಗದಿಯಾಗಿರುವುದಿಲ್ಲ. 2 ಮೀಟರು ವ್ಯಾಸದ ಕಂಬವನ್ನು ತಂತ್ರಾಂಶವು 2 ಮಿಲಿಮೀಟರೆಂದು ಓದಿತೆನ್ನೋಣ. ಕ್ಷೇತ್ರಫಲ 10 ಲಕ್ಷ ಪಾಲು, ಗಾತ್ರ 100 ಕೋಟಿ ಪಾಲು ಕುಗ್ಗಿತು. ಸೆಕೆಂಡಿಗೆ 1 ಮೀಟರು ವೇಗದ ನೀರಿನಲ್ಲಿ ಕಂಬದ ರೆನಾಲ್ಡ್ಸ್ ಸಂಖ್ಯೆ ಸುಮಾರು 20 ಲಕ್ಷವಿರಬೇಕಾದದ್ದು 2,000ಕ್ಕೆ ಇಳಿಯಿತು. ಹರಿವಿನ ಸ್ವಭಾವವೇ ಬೇರೆಯಾಯಿತು. ಆದರೂ ಪರದೆಯ ಮೇಲೆ ಏನೂ ತೋರದು. ಏಕೆಂದರೆ ಕಡಲೆಯಾಗಲಿ ಬೆಟ್ಟವಾಗಲಿ, ಯಂತ್ರವು ಎಲ್ಲವನ್ನೂ ಕಿಟಕಿಗೆ ಹೊಂದುವಂತೆ ಹಿಗ್ಗಿಸಿ ಕುಗ್ಗಿಸಿ ತೋರಿಸುತ್ತದೆ. ತಪ್ಪು ಉತ್ತರದ ಚಿತ್ರವೂ ಸರಿಯುತ್ತರದ ಚಿತ್ರದಷ್ಟೇ ಸುಂದರವಾಗಿರುತ್ತದೆ. ಅಪಾಯವಿರುವುದು ಇಲ್ಲಿಯೇ.

ಇನ್ನು ನೆಲೆಯ ವಿಚಾರ. ಭೂಪಟಗಳ ಯುಟಿಎಂ ಪದ್ಧತಿಯಲ್ಲಿ ತೊಕ್ಕೊಟ್ಟಿನ ಉತ್ತರದ ನಿರ್ದೇಶಾಂಕ 14 ಲಕ್ಷ ಮೀಟರಿಗೂ ಮಿಕ್ಕಿದೆ. ಎಸ್‌ಟಿಎಲ್ ಕಡತದ ದ್ವಿಮಾನ ರೂಪದಲ್ಲಿ ಪ್ರತಿಯೊಂದು ಅಂಕಿಗೂ 32 ಬಿಟ್‌ಗಳಷ್ಟೇ ಸ್ಥಳ. ಇಷ್ಟು ದೊಡ್ಡ ಸಂಖ್ಯೆಯನ್ನು ಅದರೊಳಗೆ ತುಂಬಿದರೆ ಒಂದು ಬೆಲೆಗೂ ಮುಂದಿನ ಬೆಲೆಗೂ ನಡುವೆ 12.5 ಸೆಂ.ಮೀ. ಅಂತರ ಬೀಳುತ್ತದೆ, ದುಂಡಾದ ಕಂಬ ಮೆಟ್ಟಿಲುಮೆಟ್ಟಿಲಾಗುತ್ತದೆ. ಆದುದರಿಂದ ದಡದ ಮೇಲೆ ಒಂದು ಮೂಲಬಿಂದುವನ್ನು ಆರಿಸಿ, ಕಡತ ಬರೆಯುವ ಮೊದಲೇ ಅಲ್ಲಿಂದ ಎಲ್ಲವನ್ನೂ ಅಳೆಯಬೇಕು. ಅಳತೆ ಬದಲಿಸುವುದೂ ಆಮೇಲೆಯೇ. ಏಕೆಂದರೆ ಆಕೃತಿಯನ್ನು ಗುಣಿಸಿದಾಗ ಮೂಲಬಿಂದುವಿನಿಂದ ಅದಕ್ಕಿರುವ ದೂರವೂ ಗುಣಿತವಾಗುತ್ತದೆ. ಮೇಲ್ಮುಖವಾದ ಅಕ್ಷ ಯಾವುದೆಂಬುದನ್ನೂ ನೋಡಬೇಕು. ಅದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಿರುವುದುಂಟು. ನೋಡದಿದ್ದರೆ ನಿಂತಿರಬೇಕಾದ ಕಂಬ ಹೊಳೆಯಲ್ಲಿ ಮಲಗಿಬಿಡುತ್ತದೆ!

ಇಂಥ ತಪ್ಪು ವಿದ್ಯಾರ್ಥಿಗಳಿಗಷ್ಟೇ ಮೀಸಲಲ್ಲ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳ ನಡುವೆ ಲೌಫೆನ್‌ಬುರ್ಗ್ ಎಂಬಲ್ಲಿ ರೈನ್ ನದಿಗೆ ಸೇತುವೆ ಕಟ್ಟುತ್ತಿದ್ದಾಗ, ಎರಡು ದೇಶಗಳು ಎತ್ತರವನ್ನು ಎಣಿಸುವ ಸಮುದ್ರಮಟ್ಟಗಳಲ್ಲಿ 27 ಸೆಂ.ಮೀ. ವ್ಯತ್ಯಾಸವಿತ್ತು. ಅದು ಇಂಜಿನಿಯರುಗಳಿಗೆ ತಿಳಿದೇ ಇದ್ದಿತು. ಆದರೆ ಸರಿಪಡಿಸುವಾಗ ಚಿಹ್ನೆ ತಿರುವುಮುರುವಾಗಿ, 54 ಸೆಂ.ಮೀ.ಗಳ ತಪ್ಪು 2003ರಲ್ಲಿ ಬೆಳಕಿಗೆ ಬಂದಿತು.

ಹೊಸ ತಂತ್ರಾಂಶಗಳು ಏಕಮಾನವನ್ನು ತಾವೇ ಕೇಳುತ್ತವೆ, ಇಷ್ಟೊಂದು ಚಿಂತೆ ಏಕೆ ಎಂದು ಕೆಲವರು ಆಕ್ಷೇಪಿಸಬಹುದು. ಕೇಳುತ್ತವೆ, ನಿಜ, ಆದರೆ ನಾವು ಹೇಳಿದ ಉತ್ತರ ಸರಿಯೇ ಎಂದು ತಿಳಿಯುವ ಶಕ್ತಿ ಅವಕ್ಕಿಲ್ಲ. ಕಂಬದ ದಪ್ಪವೆಷ್ಟೆಂದು ಬಲ್ಲವನು ಅದನ್ನು ಕಂಡ ಮನುಷ್ಯನೇ.

ಆದುದರಿಂದ ನಮ್ಮ ಕಾಲೇಜುಗಳಲ್ಲಿ ಒಂದು ನಿಯಮ ಬರಬೇಕು. ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ವಿದ್ಯಾರ್ಥಿಯು ಏಕಮಾನ, ತಾನು ಬಲ್ಲ ಒಂದು ಉದ್ದ, ಮೂಲಬಿಂದು, ಮೇಲ್ಮುಖವಾದ ಅಕ್ಷ ಈ ನಾಲ್ಕನ್ನು ಕಾಗದದ ಮೇಲೆ ಬರೆಯಲಿ. ಉತ್ತರ ಎಷ್ಟರ ಆಸುಪಾಸಿನಲ್ಲಿರಬೇಕೆಂದು ಕೈಲೆಕ್ಕವನ್ನೂ ಮಾಡಲಿ. ಪರೀಕ್ಷಕರು ಮೊದಲು ಆ ಕಾಗದಕ್ಕೆ ಅಂಕ ಕೊಡಲಿ, ಆಮೇಲೆ ಚಿತ್ರಕ್ಕೆ. ಇದಕ್ಕೆ ಹಣ ಬೇಕಿಲ್ಲ, ಹತ್ತು ನಿಮಿಷ ಸಾಕು. ಇಂದಿನ ವಿದ್ಯಾರ್ಥಿಗಳೇ ನಾಳೆ ಸೇತುವೆ ಕಟ್ಟುವವರು. ಅದರ ಮೇಲೆ ಬಸ್ಸಿನಲ್ಲಿ ಹೋಗುವವರು ಚಿತ್ರವನ್ನು ನಂಬಿ ಹೊರಟವರಲ್ಲ, ಕಂಬವನ್ನು ನಂಬಿದವರು.